ಪುರಂದರ ಎಳೆಯದ ಕೆಂಪು ಪಿನ್ನು

ಹೊಸ ವಸ್ತುವಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು ಬಿಸಾಡುವವರನ್ನು ಕಂಡರೆ ಪುರಂದರನಿಗೆ ಮೈಯೆಲ್ಲ ಉರಿ. ಕೊಲ್ಲಿದೇಶದ ದೇರಾದಲ್ಲಿ ಆರು ಮಂಚದ ಕೋಣೆಯಲ್ಲಿ ಹದಿನಾಲ್ಕು ವರ್ಷ ಕಳೆದ ಅವನ ಟಿವಿ ರಿಮೋಟಿಗೆ ಇವತ್ತಿಗೂ ಕವರು ಉಂಟು. ಅದು ಮಾಸಿ ಅಂಕೆ ಕಾಣಿಸದಿದ್ದರೂ ತೆಗೆಯುವ ಮಾತಿಲ್ಲ. "ವಸ್ತು ಇಟ್ಟುಕೊಳ್ಳಲಿಕ್ಕೂ ಯೋಗ್ಯತೆ ಬೇಕು ಮಾರಾಯ್ರೆ" ಎಂದು ಕೋಣೆಯವರಿಗೆಲ್ಲ ಬುದ್ಧಿ ಹೇಳುವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಅವನ ಕಂಪನಿ ಜೆಬೆಲ್ ಅಲಿಯಲ್ಲಿ ಸಿಬ್ಬಂದಿಗಾಗಿ ನಾಲ್ಕು ಮಹಡಿಯ ಮರದ ಕಟ್ಟಡ ಎಬ್ಬಿಸುತ್ತಿತ್ತು. ಪುರಂದರ ಬಡಗಿಗಳ ಫೋರ್‌ಮನ್. ಕೆಲಸ ಹೇಳಿದ ದಿನಕ್ಕೆ ಮುಗಿದರೆ ಮೇಲಿನ ಮಹಡಿಯ ಮೂಲೆಕೋಣೆ ಅವನೊಬ್ಬನಿಗೇ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಒಂದೇ ಮಂಚ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಹದಿನಾಲ್ಕು ವರ್ಷ ಬೇರೆಯವರ ಗೊರಕೆ ಕೇಳಿದವನಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ನಕ್ಷೆ ಮಾಡಿದವಳು ಕಾರ್ಕಳದ ಇಂಜಿನಿಯರ್ ದೀಪ್ತಿ. ಮರದ ಕಟ್ಟಡ ಹಗುರ. ಗಾಳಿ ಪಕ್ಕದಿಂದ ನೂಕಿದರೆ ಖಾಲಿ ಕಪಾಟಿನ ಹಾಗೆ ಗೋಡೆಯ ಒಂದು ತುದಿ ಮೇಲೇಳುತ್ತದೆ. ಅದನ್ನು ಹಿಡಿದಿಡಲು ತಳಪಾಯದಿಂದ ಮೇಲಿನ ಮಹಡಿಯವರೆಗೆ ಹದಿನಾರು ಉಕ್ಕಿನ ಸರಳು, ಒಂದೊಂದಕ್ಕೂ ಮಹಡಿಗೊಂದು ನಟ್ಟು. ಮರ ಒಣಗಿ ಕುಗ್ಗಿದಾಗ ನಟ್ಟಿನಡಿ ಸಂದು ಬೀಳುತ್ತದೆ. ಆ ಸಂದನ್ನು ತುಂಬಲು ನಟ್ಟಿಗೊಂದು ಸ್ಪ್ರಿಂಗ್ ಡಬ್ಬಿ. ಅದರ ಕೆಂಪು ಪಿನ್ನು ಎಳೆಯುವ ತನಕ ಸ್ಪ್ರಿಂಗ್ ಅಲ್ಲಾಡುವುದಿಲ್ಲ. ಇದನ್ನೆಲ್ಲ ಅವಳು ತಾಳ್ಮೆಯಿಂದ ಹೇಳಿ, "ಗೋಡೆ ಮುಚ್ಚುವ ಮೊದಲು ಪಿನ್ನು ಎಳೀಬೇಕು ಪುರಂದರಣ್ಣ, ಆಯ್ತಾ?" ಎಂದಳು.

"ಆಯ್ತು ಮೇಡಂ" ಎಂದ. ಅವಳು ಬೆನ್ನು ತಿರುಗಿಸಿದ್ದೇ ಮೂಗು ಮುರಿದ. ಉಳಿ ಹಿಡಿಯಲು ಬಾರದವಳು ತನಗೆ ಮರದ ಪಾಠ ಹೇಳುವುದಂತೆ!

ಪಿನ್ನನ್ನು ಅವನು ಮರೆಯಲಿಲ್ಲ. ಮರೆತಿದ್ದರೆ ಕ್ಷಮಿಸಬಹುದಿತ್ತು. ಅರವತ್ತನಾಲ್ಕು ನಟ್ಟನ್ನೂ ಸ್ವತಃ ಬಿಗಿದು, ಅರವತ್ತನಾಲ್ಕು ಪಿನ್ನನ್ನೂ ಬೇಕೆಂದೇ ಬಿಟ್ಟ. ಫಳಫಳ ಹೊಳೆಯುವ ಹೊಸ ಮಾಲು. ಈಗಲೇ ಎಳೆದು ಯಾಕೆ ಹಾಳು ಮಾಡುವುದು? ತನ್ನ ಕೈಯ ಬಿಗಿತಕ್ಕೆ ಸ್ಪ್ರಿಂಗಿನ ಹಂಗೇ? ಅಬುಧಾಬಿಯ ಇನ್ನೊಂದು ಸೈಟಿನಿಂದ ದೀಪ್ತಿ ಫೋನ್ ಮಾಡಿ ಕೇಳಿದಾಗ, "ಖಲಾಸ್ ಮೇಡಂ, ಎಲ್ಲ ಆಯ್ತು" ಎಂದ. ಅವಳು ನಂಬಿದಳು. ಜಿಪ್ಸಮ್ ಹಲಗೆ ಬಡಿದು ಬಣ್ಣವೂ ಆಯಿತು. ಮೂಲೆಕೋಣೆಗೆ ಹೊಸ ಹಾಸಿಗೆ ತಂದಿಟ್ಟ, ಪ್ಲಾಸ್ಟಿಕ್ ಸಮೇತ.

ನಾಲ್ಕು ತಿಂಗಳು ಎಸಿ ಓಡಿತು. ಚಳಿದೇಶದಿಂದ ಬಂದ ಮರ ಒಣಗಿತು. ಕಟ್ಟಡ ಒಪ್ಪಿಸುವ ವಾರ ಮೂಲೆಕೋಣೆಯ ಗೋಡೆಯಲ್ಲಿ ಬಿರುಕು ಕಂಡು ದೀಪ್ತಿ ಹಲಗೆ ಕೊಯ್ಸಿದಳು. ಒಳಗೆ ಕೈಯಿಟ್ಟು ಒಂದೇ ಬೆರಳಲ್ಲಿ ನಟ್ಟನ್ನು ಗಿರಗಿರ ತಿರುಗಿಸಿದಳು. ಅದರಡಿ ಬೆರಳು ತೂರುವಷ್ಟು ಸಂದು. ಪಕ್ಕದಲ್ಲಿ ಕೆಂಪು ಪಿನ್ನು, ಒಂದು ಗೀರೂ ಇಲ್ಲದೆ.

"ಇದನ್ನು ಎಂತಕ್ಕೆ ಎಳೀಲಿಲ್ಲ ಪುರಂದರಣ್ಣ?"

"ಹೊಸತಲ್ವಾ ಮೇಡಂ... ಹಾಳಾಗಬಾರದಲ್ಲ ಅಂತ."

ತನ್ನ ಮಾತು ತನ್ನ ಕಿವಿಗೇ ಬಿದ್ದು ಪುರಂದರನಿಗೆ ನಾಚಿಕೆಯಾಯಿತು. ಅವಳು ನಕ್ಕಿದ್ದರೆ ಅವಳನ್ನು ಬೈದುಕೊಂಡಾದರೂ ಬದುಕುತ್ತಿದ್ದ. ಅವಳು ನಗಲಿಲ್ಲ. "ಎಲ್ಲ ಗೋಡೆ ತೆಗೀಬೇಕು" ಎಂದಳು, ಅಷ್ಟೇ.

ಆರು ವಾರ ಹಿಡಿಯಿತು. ಅಷ್ಟೂ ದಿನ ಪುರಂದರ ತಾನೇ ಮುಚ್ಚಿದ ಗೋಡೆಗಳನ್ನು ತಾನೇ ಒಡೆದ. ಒಂದೊಂದು ಪಿನ್ನು ಎಳೆದಾಗಲೂ ಸ್ಪ್ರಿಂಗ್ ಟಕ್ಕೆಂದು ಸಂದು ತುಂಬಿತು. ಹೇಳಿದ ದಿನ ದಾಟಿದ್ದರಿಂದ ಮೂಲೆಕೋಣೆ ಇಲೆಕ್ಟ್ರಿಶಿಯನ್ ತಿಲಕನ ಪಾಲಾಯಿತು, ಹಾಸಿಗೆ ಸಮೇತ. ಪುರಂದರ ನೋಡುತ್ತಿದ್ದಂತೆಯೇ ತಿಲಕ ಅದರ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದು, ಮೈ ಚೆಲ್ಲಿ ಮಲಗಿದ.