ನನ್ನ ಮೂಲೆಗೆ ಬಂದು ಕೂತವನು

ಕೊಂಡಾಪುರದ ಜಿಮ್ಮಿನಲ್ಲಿ ಸಾಫ್ಟ್‌ವೇರ್ ಮಂದಿಗೆ ಬಾಕ್ಸಿಂಗ್ ಹೇಳಿಕೊಡುವುದು ಈಗ ನನ್ನ ಹೊಟ್ಟೆಪಾಡು. ಹೊಟ್ಟೆ ಕರಗಿಸಲು ಬರುತ್ತಾರೆ, ಎರಡು ವಾರಕ್ಕೆ ಕೈನೋವು ಅಂತ ನಾಪತ್ತೆ ಆಗುತ್ತಾರೆ. ಅವರಲ್ಲೊಬ್ಬಾಕೆ ಮೊನ್ನೆ, ಕಸುಬಿಗಾಗಿ ಹೊಡೆದಾಡುವ ಬಾಕ್ಸರನನ್ನು ನಿಜವಾದ ವೀರ ಅಂತ ಯಾವಾಗ ಕರೆಯಬಹುದು ಎಂದು ಕೇಳಿದಳು. ಬಿದ್ದು ಎದ್ದರೆ, ಎಂದು ಹೇಳಿ ಅವಳ ಕೈಗೆ ಸ್ಕಿಪ್ಪಿಂಗ್ ಹಗ್ಗ ಕೊಟ್ಟೆ. ಗೋಡೆಗೆ ಬರೆಸುವಂಥ ಮಾತು. ನನಗೇ ಅದರಲ್ಲಿ ನಂಬಿಕೆಯಿಲ್ಲ.

ನಾನು ಆಡಿದ್ದು ಒಂಬತ್ತೇ ಪಂದ್ಯ. ಕೊನೆಯದು ಇದೇ ಊರಿನ ಒಂದು ಫಂಕ್ಷನ್ ಹಾಲಿನಲ್ಲಿ. ಎದುರಾಳಿ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಡ್ರಮ್ ಹೊರುವ ತೆಲುಗಿನವನು, ನನಗಿಂತ ಎರಡು ವರ್ಷ ಚಿಕ್ಕವನು. ತೂಕ ಇಳಿಸಲು ಇಬ್ಬರೂ ಇಡೀ ದಿನ ನೀರು ಬಿಟ್ಟು ಒಣಗಿದ್ದೆವು. ತೂಕ ನೋಡಿದ ಮೇಲೆ ಒಂದೇ ಬಾಟಲಿಯಿಂದ ಕುಡಿದೆವು.

ಮೂರನೆಯ ಸುತ್ತಿನ ಕೊನೆಗೆ ನನ್ನ ಬಲಗೈ ಅವನ ಕಿವಿಯ ಮೇಲೆ ಸರಿಯಾಗಿ ಬಿತ್ತು. ಅವನು ಬೀಳಲಿಲ್ಲ. ಗಂಟೆ ಹೊಡೆಯಿತು. ಸುತ್ತುಗಳ ನಡುವೆ ಕೂರಲು ನನ್ನ ಮೂಲೆಗೆ ತಿರುಗಿದರೆ, ನನ್ನ ಸ್ಟೂಲಿನ ಮೇಲೆ ಅವನು ಕೂತಿದ್ದ. ಬಾಯಿ ತೆರೆದು ನೀರಿಗೆ ಕಾಯುತ್ತಿದ್ದ. ಜನ ನಕ್ಕರು. ಅವನ ಕಡೆಯವರೂ ನಗುತ್ತಲೇ ಬಂದು ತೋಳು ಹಿಡಿದು ಕರೆದುಕೊಂಡು ಹೋದರು. ರೆಫ್ರಿ ಆಚೆ ಬದಿ ತೀರ್ಪುಗಾರರ ಹತ್ತಿರ ಮಾತಾಡುತ್ತಿದ್ದ, ನೋಡಲಿಲ್ಲ. ಬಾಕ್ಸರ್ ತನ್ನ ಮೂಲೆ ಮರೆತನೆಂದರೆ ತಲೆಯೊಳಗೆ ಏನೋ ಕೆಟ್ಟಿದೆ, ಪಂದ್ಯ ಅಲ್ಲಿಗೇ ನಿಲ್ಲಬೇಕು. ಕಸುಬು ಕಲಿತವನಿಗೆ ಇದು ಗೊತ್ತಿರುತ್ತದೆ.

ನನ್ನ ಉಸ್ತಾದರಿಗೆ ಗೊತ್ತಿತ್ತು. ನಮ್ಮ ಬೀದರ ಕಡೆಯವರೇ, ಗಾರೆ ಕೆಲಸಕ್ಕೆ ಬಂದಿದ್ದ ನನ್ನನ್ನು ಬಾಕ್ಸರ್ ಮಾಡಿದವರು. ಅವರು ನಗಲಿಲ್ಲ. ನನ್ನ ಮುಖ ಒರೆಸುತ್ತ ಕಿವಿಯ ಹತ್ತಿರ ಬಾಗಿದರು.

“ಅವಂದು ಮುಗೀತು. ತಲಿಗೇ ಹೊಡಿ.”

“ರೆಫ್ರಿಗೆ ಹೇಳೂಣೇನ್ರಿ?”

“ಅದು ನಿನ್ನ ಕೆಲಸ ಅಲ್ಲ.”

ನನ್ನ ಕೆಲಸ ಅಲ್ಲ ಎಂದು ಕೇಳಿ ಹಗುರವೇ ಆಯಿತು. ನಾಲ್ಕನೆಯ ಸುತ್ತಿಗೆ ಎದ್ದೆ. ಅವನ ಕಣ್ಣು ನನ್ನ ಮೇಲೇ ಇತ್ತು, ಗುರುತು ಮಾತ್ರ ಇರಲಿಲ್ಲ. ಅದೇ ಜಾಗಕ್ಕೆ ಎರಡು ಸಲ ಹೊಡೆದೆ. ರೆಫ್ರಿ ನನ್ನ ಕೈ ಎತ್ತಿ ಹಿಡಿದಾಗ ಅವನಿನ್ನೂ ಮಲಗಿಯೇ ಇದ್ದ. ನನಗೆ ಸಂತೋಷ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಬಟ್ಟೆ ಬದಲಿಸಿ ಬಿರಿಯಾನಿ ತಿಂದೆ.

ಅವನು ಉಳಿದುಕೊಂಡ, ಮಾತು ಮಾತ್ರ ತಿರುಗಿ ಬರಲಿಲ್ಲ. ಆದರೆ ಮರುದಿನ ನಾನು ಆಸ್ಪತ್ರೆಗೆ ಹೋದಾಗ ಉಳಿಯುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ವಾರ್ಡಿನ ಹೊರಗೆ ಅವನ ತಾಯಿ ಚಾದರ ಹಾಸಿಕೊಂಡು ಕೂತಿದ್ದಳು. ನಾನು ಯಾರೆಂದು ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಆಕೆ ಬಯ್ಯಲಿಲ್ಲ, ಸರಿದು ಜಾಗ ಕೊಟ್ಟಳು. ಆಮೇಲೆ ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ಎಲ್ಲರಿಗಿಂತ ಹತ್ತಿರ ಇದ್ದವನು ನೀನು, ನನ್ನ ಮಗನಿಗೆ ಹೀಗಾಗಿದೆ ಅಂತ ನಿನಗೆ ಯಾವಾಗ ಗೊತ್ತಾಯಿತು?

ಬಿದ್ದ ಮೇಲೇ ಅಮ್ಮಾ, ಅಂದೆ.

ಆಕೆ ತಲೆಯಾಡಿಸಿದಳು. ಬಾತುಕೊಂಡಿದ್ದ ನನ್ನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ನೋಯುತ್ತಿದೆಯಾ ಎಂದು ಕೇಳಿದಳು. ಇಲ್ಲ ಅಂದೆ. ಅದನ್ನು ಮಾತ್ರ ನಿಜವೇ ಹೇಳಿದ್ದೆ, ಏನೂ ನೋಯುತ್ತಿರಲಿಲ್ಲ.