ನಾಲ್ಕನೇ ನಾಜಲ್‌ನ ಮೂರು ಬೊಟ್ಟು

ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯ ಬಸ್ಸುಗಳ ಹಾರನ್ ಕೇಳುವಷ್ಟು ಒಳಗೆ, ಕೊಬ್ಬರಿ ಎಣ್ಣೆಯನ್ನು ಬಾಟಲಿಗೆ ತುಂಬುವ ಸಣ್ಣ ಕಾರ್ಖಾನೆಯೊಂದಿದೆ. ಅಲ್ಲಿನ ಯಂತ್ರಕ್ಕೆ ಆರು ನಾಜಲ್. ಆರೂ ಒಟ್ಟಿಗೆ ಬಾಟಲಿಗಳ ಬಾಯಿಗೆ ಇಳಿದು, ಅಳತೆಯಷ್ಟು ಎಣ್ಣೆ ಬಿಟ್ಟು ಮೇಲೇಳುತ್ತವೆ. ಅದು ಕೆಟ್ಟಾಗಲೆಲ್ಲ ಬರುತ್ತಿದ್ದ ಮೆಕ್ಯಾನಿಕ್ ಚಲುವರಾಜು.

ಅವನು ಯಾವ ತರಬೇತಿ ಶಾಲೆಗೂ ಹೋದವನಲ್ಲ. ಸೋದರಮಾವನ ಲೇತ್ ಅಂಗಡಿಯಲ್ಲಿ ಕಲಿತ ಕೈ. ಬಂದ ಕೂಡಲೇ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ, ಮೊದಲು ಕೇಳುತ್ತಿದ್ದ. “ಯಾವಾಗಿಂದ? ಬೆಳಿಗ್ಗೆನಾ, ಮಧ್ಯಾಹ್ನನಾ? ಒಂದೇ ನಾಜಲ್ಲಾ, ಆರೂನಾ?” ಆರರಲ್ಲೂ ಕಮ್ಮಿ ಬಂದರೆ ಟ್ಯಾಂಕಿನ ಕಡೆ ನೋಡಬೇಕು. ತೊಟ್ಟಿಕ್ಕಿದರೆ ಸೀಲ್ ಸವೆದಿದೆ. ನೊರೆ ಬಂದರೆ ವೇಗ ಜಾಸ್ತಿ. ಉತ್ತರ ಹೇಳುತ್ತಿದ್ದವಳು ಯಂತ್ರದ ಮುಂದೆ ಹದಿನೆಂಟು ವರ್ಷ ನಿಂತ ಮುನಿಯಕ್ಕ.

ಬೇಗೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಆಕೆ ನಾಗೇಶ್ವರನ ಗುಡಿಯ ಕುಂಕುಮವನ್ನು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದಳು. ಪ್ರತಿ ನಾಜಲ್‌ನ ಮೇಲೂ ಎಣ್ಣೆಯ ಅಳತೆ ಹೆಚ್ಚು ಕಮ್ಮಿ ಮಾಡುವ ಒಂದು ನಟ್ ಇದೆ. ಅದರ ಪಕ್ಕ ಒಂದೊಂದು ಬೊಟ್ಟು. ನಾಲ್ಕನೆಯದಕ್ಕೆ ಮಾತ್ರ ಸಾಲಾಗಿ ಮೂರು.

“ಏನಕ್ಕಾ, ನಾಲ್ಕನೇದು ನಿನ್ನ ಮನೆದೇವ್ರಾ?” ಎಂದು ಚಲುವರಾಜು ಬಂದಾಗಲೆಲ್ಲ ರೇಗಿಸುತ್ತಿದ್ದ.

“ಅದು ಸ್ವಲ್ಪ ಹಠದ ಮಗು ಚಲುವಣ್ಣ. ಜಾಸ್ತಿ ನೋಡ್ಕೋಬೇಕು” ಎಂದು ಆಕೆ ನಗುತ್ತಿದ್ದಳು. ಹಠವೇನೆಂದು ಅವನು ಕೇಳಲಿಲ್ಲ. ನಾಲ್ಕನೆಯದರ ತೂಕ ಯಾವಾಗಲೂ ಸರಿ ಇರುತ್ತಿತ್ತು. ಸರಿ ಇರುವುದನ್ನು ಬಿಚ್ಚುವ ಅಭ್ಯಾಸ ಅವನಿಗಿರಲಿಲ್ಲ.

ಹೋದ ತಿಂಗಳು ಮುನಿಯಕ್ಕನಿಗೆ ಸಂಜೆ ಎದೆನೋವು ಬಂತು. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು. ಹೆಂಗಸರು ಆಕೆಯ ಫೋಟೋವನ್ನು ಎಣ್ಣೆ ಟ್ಯಾಂಕಿನ ಪಕ್ಕದ ಗೋಡೆಗೆ ಹಾಕಿ ಹೂವು ಮುಡಿಸಿದರು. ವಾರದ ಮೇಲೆ, ಎಣ್ಣೆ ಕೊಳ್ಳುವ ಪಾರ್ಟಿಯವರು ನೋಡಲು ಬರುತ್ತಾರೆಂದು ಮ್ಯಾನೇಜರ್ ರವಿಕುಮಾರ್ ಯಂತ್ರವನ್ನು ತೊಳೆಸಿ ಪಾಲಿಶ್ ಮಾಡಿಸಿದ. ಬೊಟ್ಟುಗಳೆಲ್ಲ ಅಳಿಸಿಹೋದವು. ಮಾರನೆಯ ದಿನದಿಂದ ನಾಲ್ಕನೇ ನಾಜಲ್ ಕೆಟ್ಟಿತು. ಬೆಳಿಗ್ಗೆ ಸ್ವಲ್ಪ ಕಮ್ಮಿ, ಬಿಸಿಲೇರಿದ ಹಾಗೆ ಇನ್ನೂ ಕಮ್ಮಿ. ಬಾಟಲಿಗಳು ವಾಪಸು ಬಂದವು.

“ಆಯಮ್ಮ ದಿನಾ ಆ ನಟ್ ತಿರುಗಿಸ್ತಿದ್ದಳಂತೆ ರೀ, ಈಗ ಗೊತ್ತಾಯ್ತು” ಎಂದ ರವಿಕುಮಾರ್. “ಅದಕ್ಕೇ ಹಾಳಾಗಿರೋದು. ರಿಪೋರ್ಟಲ್ಲಿ ಆಪರೇಟರ್ ತಪ್ಪು ಅಂತ ಬರ್ಕೊಡಿ. ಹೋದೋರು ಏನೂ ಬೇಜಾರ್ ಮಾಡ್ಕೊಳಲ್ಲ. ಆ ಫೋಟೋನೂ ತೆಗಿಸ್ತೀನಿ, ಪಾರ್ಟಿಯವ್ರು ಕೇಳಿದ್ರೆ ಏನ್ ಹೇಳೋದು?”

ಚಲುವರಾಜು ನಾಲ್ಕನೆಯದನ್ನು ಬಿಚ್ಚಿದ. ಸೀಲ್ ಚೆನ್ನಾಗಿತ್ತು. ಸ್ಪ್ರಿಂಗ್ ಚೆನ್ನಾಗಿತ್ತು. ಕೊನೆಗೆ ಒಳಗಿನ ವಾಲ್ವ್ ಕೂರುವ ಉಕ್ಕಿನ ಬಳೆಯನ್ನು ತೆಗೆದು ಬೆಳಕಿಗೆ ಹಿಡಿದ. ಅಂಚಿನಲ್ಲಿ ಉಗುರಿನಷ್ಟು ಉದ್ದದ ಒಂದು ಗೀರು. ಗೀರಿನ ಸುತ್ತ ಎಮರಿ ಕಾಗದ ಉಜ್ಜಿದ ಗುರುತು.

ಅದು ಅವನದೇ ಕೈ.

ಎಂಟು ವರ್ಷದ ಹಿಂದೆ, ಹೆಂಡತಿಯ ತಿಥಿ ಮುಗಿಸಿ ಮೂರನೇ ದಿನಕ್ಕೆ ಈ ಯಂತ್ರ ಬಿಚ್ಚಲು ಬಂದಿದ್ದ. ಗಮನ ಎಲ್ಲೋ ಇತ್ತು, ಸ್ಕ್ರೂಡ್ರೈವರ್ ಜಾರಿ ಬಳೆಗೆ ತಾಗಿತ್ತು. ಒಂದಿಷ್ಟು ಉಜ್ಜಿ, ಆಗುತ್ತೆ ಬಿಡು ಎಂದು ಮುಚ್ಚಿದ್ದ. ಪಕ್ಕದಲ್ಲಿ ನಟ್ಟುಗಳ ತಟ್ಟೆ ಹಿಡಿದು ನಿಂತಿದ್ದವಳು ಮುನಿಯಕ್ಕ. ಆ ಗೀರಿನಲ್ಲಿ ಎಣ್ಣೆ ಹಿಂದಕ್ಕೆ ಜಿನುಗುತ್ತಿತ್ತು. ಬೆಳಗಿನ ಚಳಿಗೆ ಎಣ್ಣೆ ಗಟ್ಟಿ ಇದ್ದಾಗ ಸೋರಿಕೆ ಕಮ್ಮಿ, ಮಧ್ಯಾಹ್ನ ತೆಳ್ಳಗಾದಾಗ ಜಾಸ್ತಿ.

“ಲತಾಮಣಿ, ಆ ಮೂರು ಬೊಟ್ಟು ಯಾಕೆ ಇಡ್ತಿದ್ದಳಮ್ಮ ಅಕ್ಕ?” ಎಂದು ಮುಚ್ಚಳ ಹಾಕುವ ಹುಡುಗಿಯನ್ನು ಕೇಳಿದ. ಎಂಟು ವರ್ಷ ತಡವಾಗಿ ಕೇಳಿದ ಪ್ರಶ್ನೆ.

“ಬೆಳಿಗ್ಗೆಗೆ ಒಂದು, ಹನ್ನೊಂದು ಗಂಟೆಗೆ ಒಂದು, ಊಟ ಆದ್ಮೇಲೆ ಒಂದು ಅಂಕಲ್. ಆ ಬೊಟ್ಟಿನ ನೇರಕ್ಕೆ ನಟ್ ತಿರುಗ್ಸೋರು. ಅಕ್ಕ ಹೋದ್ಮೇಲೆ ಒಂದ್ ವಾರ ನಾನೇ ತಿರುಗ್ಸಿದೆ, ಬೊಟ್ಟು ಅಳಿಸಿದ್ಮೇಲೆ ಎಲ್ಲಿಗೆ ಅಂತ ಗೊತ್ತಾಗ್ಲಿಲ್ಲ. ಯಾಕಕ್ಕ, ಚಲುವಣ್ಣಂಗೆ ಹೇಳ್ಬಾರ್ದಾ ಅಂದೆ ಒಂದ್ಸಲ. ‘ಸುಮ್ನಿರೇ, ಹೆಂಡ್ತಿ ಕಳ್ಕೊಂಡು ಬಂದು ಮಾಡಿದ್ ಕೆಲ್ಸ ಅದು. ಕೇಳಿದ್ರೆ ನೊಂದ್ಕೊತಾರೆ’ ಅಂದ್ರು. ನಾನಾದ್ರೂ ಹೇಳ್ಬೇಕಿತ್ತು.”

ಅವನು ಬಳೆಯನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಲೇತ್‌ನಲ್ಲಿ ಹೊಸದೊಂದನ್ನು ತಾನೇ ಕಡೆದು ಮರುದಿನ ಬೆಳಿಗ್ಗೆ ತಂದು ಕೂರಿಸಿದ. ರಿಪೋರ್ಟಿನಲ್ಲಿ ಕಾರಣ ಎಂಬಲ್ಲಿ ಬರೆದ: ಎಂಟು ವರ್ಷದ ಹಿಂದೆ ರಿಪೇರಿ ಮಾಡಿದ ಚಲುವರಾಜುವಿನ ತಪ್ಪು. ಆಪರೇಟರ್ ಮುನಿಯಕ್ಕನವರು ಅಷ್ಟೂ ವರ್ಷ ಅಳತೆ ತಪ್ಪದಂತೆ ನೋಡಿಕೊಂಡಿದ್ದಾರೆ.

ರವಿಕುಮಾರ್ ಎರಡು ಸಲ ಓದಿದ. “ಏನ್ರೀ ಇದು, ನಿಮ್ಮ ಕಾಲ್ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ. ಇದು ಓನರ್ ಕೈಗೆ ಹೋದ್ರೆ ಮುಂದೆ ನಿಮ್ಮನ್ನ ಹೇಗ್ ಕರೀಲಿ?”

“ಕರೀಬೇಡಿ ಸಾರ್. ಫೋಟೋ ಮಾತ್ರ ಅಲ್ಲೇ ಇರಲಿ.”

ರವಿಕುಮಾರ್ ಗೋಡೆಯ ಕಡೆ ನೋಡಿದ, ಫೋಟೋ ಮುಟ್ಟದೆ ಕಾಗದ ಮಡಚಿಕೊಂಡು ಹೋದ.

ಹತ್ತು ಗಂಟೆಗೆ ತೂಗಿದಾಗ ಆರೂ ಬಾಟಲಿ ಸಮ. ಊಟದ ಮೇಲೆ ಎಣ್ಣೆ ನೀರಿನಂತೆ ತೆಳ್ಳಗಾದಾಗಲೂ ಸಮ. ಚಲುವರಾಜು ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದ. ಲತಾಮಣಿ ಮುನಿಯಕ್ಕನ ಡಬ್ಬಿ ತೆರೆದು ಒಂದೊಂದೇ ನಾಜಲ್‌ಗೆ ಬೊಟ್ಟಿಡುತ್ತ ಬಂದಳು. ನಾಲ್ಕನೆಯದಕ್ಕೆ ಒಂದಿಟ್ಟು, ಮತ್ತೆ ಡಬ್ಬಿಗೆ ಬೆರಳದ್ದಿದಳು.

“ಒಂದೇ ಸಾಕು ಕಣಮ್ಮ, ಇನ್ಮೇಲೆ” ಎಂದ ಚಲುವರಾಜು.

ಬೆರಳಿಗಂಟಿದ ಕುಂಕುಮವನ್ನು ಏನು ಮಾಡುವುದೆಂದು ತಿಳಿಯದೆ ಅವಳು ಅವನ ಮುಖ ನೋಡಿದಳು. ಎಂದೂ ಬೊಟ್ಟಿಡಿಸಿಕೊಳ್ಳದ ಆ ಮನುಷ್ಯ ಚೀಲ ಕೆಳಗಿಟ್ಟು, ತಲೆ ಬಗ್ಗಿಸಿ ಹಣೆ ಕೊಟ್ಟ. ಬಹಳ ಹೊತ್ತು ತಲೆ ಎತ್ತಲಿಲ್ಲ.