ತಿಂದದ್ದು ಮೈಗೆ ಹತ್ತದ ವರ್ಷ

ಮೊದಲು ಬಳೆ ಸಡಿಲಾದವು. ರೊಟ್ಟಿ ತಟ್ಟುವಾಗ ಮೊಣಕೈವರೆಗೆ ಜಾರುತ್ತಿದ್ದವು. ಹಸಿವು ಮಾತ್ರ ಹೆಚ್ಚಾಯಿತು. ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು.

"ಅತ್ತಿ, ಹೊಟ್ಟ್ಯಾಗ ಯಾರನ್ನರ ಬಾಡಿಗಿಗೆ ಇಟ್ಟೀರೇನು?" ಎಂದಳು ಸೊಸೆ ಗಂಗವ್ವ.

ನಾನೂ ನಕ್ಕೆ. ಆಮೇಲೆ ಕೈ ನಡುಗತೊಡಗಿತು. ಸುಮ್ಮನೆ ಕೂತರೂ ಎದೆ ಓಡಿ ಬಂದವಳ ಹಾಗೆ ಬಡಿಯುತ್ತಿತ್ತು. ಒಂದು ದಿನ ಕುರಿಹಟ್ಟಿಯಲ್ಲಿ ಕೂತವಳಿಗೆ ಏಳಲು ಆಗಲಿಲ್ಲ. ತೊಡೆಯಲ್ಲಿ ಮಾಂಸವೇ ಉಳಿದಿರಲಿಲ್ಲ. ಮಗ ಹನುಮ ಎತ್ತಿ ನಿಲ್ಲಿಸಿದ. ಅವನ ಬೆರಳು ನನ್ನ ಬೆನ್ನೆಲುಬನ್ನು ತಡವಿದವು.

ಕುರಿಯನ್ನು ಸಂತೆಗೆ ಹೊಡೆಯುವುದೋ ಇಟ್ಟುಕೊಳ್ಳುವುದೋ ಎಂದು ನಾವು ಹಾಗೇ ತಡವಿ ನೋಡುವುದು; ಎಲುಬು ಕೈಗೆ ಸಿಕ್ಕರೆ ಸಂತೆಗೆ.

ಅವನಿಗೂ ತಿಳಿಯಿತು. ಕೈ ತೆಗೆದ.

ಹಗರಿಬೊಮ್ಮನಹಳ್ಳಿಯ ಡಾಕ್ಟರು ಬ್ಲಡ್ ಟೆಸ್ಟ್ ಮಾಡಿಸಿ ಥೈರಾಯ್ಡ್ ಜಾಸ್ತಿಯಾಗಿದೆ ಎಂದರು.

"ಮೈ ಕಟ್ಟೋ ಕೆಲಸ, ಕರಗಿಸೋ ಕೆಲಸ, ಎರಡೂ ಜೊತಿಗೆ ನಡೀಬೇಕಜ್ಜಿ. ನಿಮ್ಮೊಳಗ ಕರಗೋದು ಮುಂದಾಗೈತಿ."

"ಸಾಯ್ತೀನೇನ್ರಿ?"

"ಗುಳಿಗಿ ಬಿಟ್ರ ಎದಿ ತಡಿಯಂಗಿಲ್ಲ."

ಊರಿಗೆ ಮರಳುವ ಬಸ್ಸಿನಲ್ಲಿ ಆ ಕಟ್ಟುವ, ಕರಗಿಸುವ ಮಾತನ್ನೇ ಯೋಚಿಸಿದೆ. ನಮ್ಮ ಅತ್ತೆಯ ಕಾಲದ ಕುರಿಗಳು ಎತ್ತರದವು. ಬೇಸಿಗೆಯಲ್ಲಿ ಮೇವು ಮುಗಿದರೆ ಕುರಿ ತನ್ನ ಮೈಯನ್ನೇ ಕರಗಿಸಿಕೊಂಡು ಬದುಕುತ್ತದೆ. ಬೇಗ ಕರಗಿದವು ಮಳೆಗೆ ಮುಂಚೆ ಸತ್ತವು. ಬರೀ ಕೊಬ್ಬು ಕಟ್ಟಿದವು ದೂರದ ಮೇವಿಗೆ ನಡೆಯಲಾರದೆ ಹಿಂದೆ ಬಿದ್ದವು, ಗಬ್ಬವೂ ನಿಲ್ಲಲಿಲ್ಲ. ಎರಡನ್ನೂ ತೂಗಿಸಿಕೊಂಡ ಗಿಡ್ಡ ಕುರಿಗಳ ಮರಿ ಉಳಿದವು, ಆ ಮರಿಗಳ ಮರಿಗಳೂ ಹಾಗೇ ಹುಟ್ಟಿದವು. ಈಗಿನ ಗಿಡ್ಡ ಕುರಿಗಳನ್ನು ಯಾರೂ ಕೂತು ಮಾಡಲಿಲ್ಲ. ಬೇಸಿಗೆ ಆರಿಸಿತು. ಅದು ಉಳಿಸಿದವುಗಳಲ್ಲಿ ನಮ್ಮ ಕೈ ಆರಿಸಿತು. ಮನುಷ್ಯರ ವಂಶವೂ ಹೀಗೇ ಬಂದಿರಬೇಕು.

ಆ ಲೆಕ್ಕದಲ್ಲಿ ನಾನು ಸಂತೆಯ ಮಾಲು.

ಅಳು ಬರಲಿಲ್ಲ. ಹಸಿವಾಯಿತು.

ಗುಳಿಗೆ ನುಂಗಿದೆ. ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಬೇಸಿಗೆ ಕಳೆಯುವ ಹೊತ್ತಿಗೆ ಎದೆಬಡಿತ ತಗ್ಗಿತು. ಈಗ ಕಂಬ ಹಿಡಿದು ಏಳುತ್ತೇನೆ. ತೊಡೆ ಪೂರ್ತಿ ಮೊದಲಿನಂತೆ ಆಗುತ್ತದೆಂದು ಡಾಕ್ಟರೂ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಮೊನ್ನೆ ಹನುಮ ಸಂತೆಗೆ ಕುರಿ ಆರಿಸುತ್ತಿದ್ದ. ಹೋಗಿ ಬೆನ್ನು ತಿರುಗಿಸಿ ನಿಂತೆ.

"ತಡವಿ ನೋಡಲೇ."

"ಸುಮ್ನಿರಬೇ."

"ನೋಡಂದ್ನಿ."

ಅವನ ಬೆರಳು ನಿಧಾನವಾಗಿ ಇಳಿದವು. "ಎಲುಬು ಇನ್ನೂ ಸಿಗ್ತಾವ. ಮ್ಯಾಲೆ ಒಂದೀಟು ಮಾಂಸ ಬಂದೈತಿ."

"ಸಂತಿಗೆ ಹೊಡೀತೀಯೋ, ಇಟ್ಕೊಂತೀಯೋ?"

ಅವನ ಕೈ ಬೆನ್ನ ಮೇಲೇ ಇತ್ತು.

"ಇನ್ನೊಂದು ಬ್ಯಾಸಿಗಿ ಇಟ್ಕೊಂಡು ನೋಡೋಣ ಬಿಡಬೇ."